ಶಾಂತಾರಾಮ ಬಿಲ್ಡಿಂಗಿನ ರಾಜಿ ತಂಬಿಗೆ

ಜಯಶ್ರೀ ಒಂಬತ್ತು ವರ್ಷ ಕಾರವಾರದ ಶಾಂತಾರಾಮ ಬಿಲ್ಡಿಂಗಿನ ಮೇಲಿನ ಖೋಲಿಯಲ್ಲಿ ಕುಳಿತಳು. ಕುಳಿತಳು ಎಂದರೆ ಬರೀ ಕುಳಿತಳು. ಅಲ್ಲಿ ಅವಳಿಗೆ ಕೆಲಸ ಇರಲಿಲ್ಲ, ಸಂಬಳ ಇರಲಿಲ್ಲ, ಬಂದು ಮಾತಾಡಿಸುವವರೂ ಇರಲಿಲ್ಲ. ಬೆಳಿಗ್ಗೆ ಅಂಕೋಲೆ ಕಡೆಯ ಶೆಟಗೇರಿಯಿಂದ ಬಸ್ಸು ಹಿಡಿದು ಬರುವುದು, ಬಾಗಿಲು ತೆಗೆಯುವುದು, ಗಂಡನ ಫೋಟೋಕ್ಕೆ ಒಂದು ಊದಿನಕಡ್ಡಿ ಹಚ್ಚುವುದು, ಕುರ್ಚಿಯಲ್ಲಿ ಕೂರುವುದು, ಸಂಜೆ ಬೀಗ ಹಾಕಿ ಮತ್ತೆ ಬಸ್ಸು ಹಿಡಿಯುವುದು. ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆ ಹೋಗ್ತ್ರಿ ಎಂದು ಕೇಳಿದರೆ ಏನು ಹೇಳಬೇಕು ಪಾಪ? ಆಫೀಸಿಗೆ ಅನ್ನುತ್ತಿದ್ದಳು. ಸುಳ್ಳೇನಲ್ಲ, ಅವಳು ಹೋಗುತ್ತಿದ್ದದ್ದು ಆಫೀಸಿಗೇ.

ಈ ವಿಚಿತ್ರ ನೌಕರಿ ಏನೆಂದು ತಿಳಿಯಬೇಕಾದರೆ ಆ ಕಟ್ಟಡದ ಕಥೆಯನ್ನು ಸ್ವಲ್ಪ ಹೇಳಲೇಬೇಕು.

ಕಾರವಾರ ಇನ್ನೂ ಮುಂಬಯಿ ಸರಕಾರದ ಕೈಕೆಳಗಿದ್ದ ಕಾಲದಲ್ಲಿ, ಕಟ್ಟಿಗೆ ವ್ಯಾಪಾರದಲ್ಲಿ ಚೆನ್ನಾಗಿ ದುಡಿದ ಒಬ್ಬ ಸಾವುಕಾರ ಪೇಟೆಯ ನಡುವೆ ಅದನ್ನು ಕಟ್ಟಿಸಿ ಮಗನ ಹೆಸರಿಟ್ಟ. ಕೆಳಗೊಂದು, ಮೇಲೊಂದು ಅಂತಸ್ತು, ಮಂಗಳೂರು ಹೆಂಚು, ಒಳಗೆ ಮರದ ಮೆಟ್ಟಿಲು, ರಸ್ತೆಯ ಕಡೆಗೆ ಮರದ ಗ್ಯಾಲರಿ. ಎಲ್ಲ ಸರಿ, ಆದರೆ ಅಡುಗೆಮನೆ ಇಲ್ಲ! ದೇವರ ಗೂಡಿಲ್ಲ, ತೊಟ್ಟಿಲು ಕಟ್ಟಲು ತೊಲೆಗೆ ಒಂದು ಕೊಂಡಿ ಕೂಡ ಇಲ್ಲ. ಬರೀ ಆಫೀಸುಗಳಿಗೆಂದೇ ಒಂದು ಕಟ್ಟಡ ಇರುತ್ತದೆ ಎನ್ನುವುದನ್ನು ಊರು ಅದುವರೆಗೆ ನೋಡಿರಲಿಲ್ಲ. ಒಲೆ ಹೊತ್ತದ ಮನೆಗೆ ಯಾರಪ್ಪಾ ಬಂದಾರು ಎಂದು ಜನ ನಕ್ಕರಂತೆ. ಆದರೆ ಜನ ಬಂದರು. ಮೊದಲು ಮುಂಬಯಿ ಹಡಗಿನ ಏಜೆಂಟ ಬಂದ. ಅವನ ಖೋಲಿಯ ಮುಂದೆ ಟಿಕೆಟ್ಟಿಗೆ ನಿಂತವರ ಸಾಲು ಮೆಟ್ಟಿಲಿಳಿದು ರಸ್ತೆಗೆ ಬರುತ್ತಿತ್ತು. ಆಮೇಲೆ ವಿಮಾ ಕಂಪನಿಯವರು, ಅದಿರಿನ ವ್ಯಾಪಾರಿ, ಟೈಪಿಂಗ್ ಕ್ಲಾಸು. ಇಡೀ ಪೇಟೆಗೆ ಕೇಳುವ ಹಾಗೆ ಟಕಟಕ ಎನ್ನುತ್ತಿದ್ದ ಆ ಕ್ಲಾಸಿನಲ್ಲಿ ಕಲಿತ ಹುಡುಗಿಯರೇ ಮುಂದೆ ಕಚೇರಿ ಕಚೇರಿಗಳಲ್ಲಿ ಕುಳಿತರು. ಆ ಕಟ್ಟಡದಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಒಂದು ರಾತ್ರಿ ಮಲಗಿದ್ದಿಲ್ಲ. ಸಂಜೆಯಾಯಿತೆಂದರೆ ಎಲ್ಲರೂ ಬೀಗ ಹಾಕಿ ಮನೆಗೆ ಹೋಗುತ್ತಿದ್ದರು.

ಮೇಲಿನ ಮೂಲೆಯ ಖೋಲಿಯಲ್ಲಿ ಮಾದೇವ ವಕೀಲರಿದ್ದರು. ಕೇಸು ಗೆಲ್ಲುವುದಕ್ಕಿಂತ ರಾಜಿ ಮಾಡಿಸಿ ಮುರಿಯುವುದರಲ್ಲೇ ಅವರ ಹೆಸರು ದೊಡ್ಡದು. ಕೋರ್ಟಿನಲ್ಲಿ ವ್ಯಾಜ್ಯ ಇರುವಷ್ಟು ದಿನ ಒಬ್ಬರ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಇದು ನಮ್ಮ ಕಡೆಯ ಹಳೇ ರೂಢಿ. ವಕೀಲರು ಅದನ್ನೇ ಹಿಡಿದುಕೊಂಡರು. ರಾಜಿಯಾದ ದಿನ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಹಿತ್ತಲ ಬಾವಿಯ ನೀರನ್ನು ತಾಮ್ರದ ಒಂದು ತಂಬಿಗೆಯಲ್ಲಿ ತರಿಸುತ್ತಿದ್ದರು. ಒಬ್ಬರು ತಂಬಿಗೆ ಎತ್ತಿ ಅರ್ಧ ಕುಡಿಯಬೇಕು, ಉಳಿದದ್ದನ್ನು ಇನ್ನೊಬ್ಬರು ಕುಡಿಯಬೇಕು. ಸಹಿ, ಸ್ಟ್ಯಾಂಪು ಎಲ್ಲ ಆಮೇಲೆ. ಸಹಿ ಹಾಕಿ ತಿರುಗಿಬಿದ್ದವರನ್ನು ನೋಡಿದ್ದೇವೆ, ತಂಬಿಗೆ ನೀರು ಕುಡಿದು ತಿರುಗಿಬಿದ್ದವರನ್ನು ನೋಡಿಲ್ಲ ಎಂದು ಪೇಟೆಯ ಹಿರಿಯರು ಈಗಲೂ ಹೇಳುತ್ತಾರೆ. ವಕೀಲರು ತೀರಿಕೊಂಡು ಖೋಲಿ ಖಾಲಿಯಾದಾಗ ಪುಸ್ತಕಗಳನ್ನು ಯಾರೋ ಒಯ್ದರು, ಕುರ್ಚಿ ಮೇಜನ್ನು ಇನ್ಯಾರೋ. ರಾಜಿ ತಂಬಿಗೆ ಮಾತ್ರ ಕಟ್ಟಡದಲ್ಲೇ ಉಳಿಯಿತು.

ಹಡಗು ನಿಂತ ಮೇಲೆ ಏಜೆಂಟನ ಖೋಲಿಯನ್ನು ಬಾಡಿಗೆಗೆ ಹಿಡಿದವನು ಜಯಶ್ರೀಯ ಮಾವ. ಬಂದರಿಗೆ ಬಂದ ಸಾಮಾನು ಬಿಡಿಸಿಕೊಡುವ ದಂಧೆ. ಅವನ ನಂತರ ಅವಳ ಗಂಡ ಅಶೋಕ ಅದನ್ನೇ ನಡೆಸಿದ. ಕೊನೆಕೊನೆಗೆ ನಡೆಸಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಕಟ್ಟಡದ ಯಜಮಾನರು ಎಲ್ಲರನ್ನೂ ಬಿಡಿಸಲು ಕೋರ್ಟಿಗೆ ಹೋದರು, ಅಶೋಕ ಕಾಯಿಲೆ ಬಿದ್ದ. ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು, ಖೋಲಿ ಬಿಡಬೇಡ ಅಂದ. ಅದೇ ಅವನ ಕೊನೆಯ ಮಾತಾಯಿತು. ಹದಿಮೂರನೆಯ ದಿನದ ಊಟ ಮುಗಿದು ಜನ ಚದುರುವ ಮೊದಲೇ ಮೈದುನ ಜಗದೀಶ ಅವಳಿಗೆ ಕಾಯಿದೆ ಹೇಳಿಕೊಟ್ಟ. ಪೇಟೆಯ ನಡುವಿನ ಜಾಗ, ಬಿಟ್ಟರೆ ಮತ್ತೆ ಸಿಗುವುದಿಲ್ಲ. ಬಾಡಿಗೆಯ ಜಾಗವನ್ನು ತಿಂಗಳುಗಟ್ಟಲೆ ಬೀಗ ಹಾಕಿ ಇಟ್ಟರೆ, ಇವರಿಗೆ ಜಾಗ ಬೇಕಾಗಿಲ್ಲ ಎಂದು ಕೋರ್ಟು ಬಿಡಿಸಿಬಿಡುತ್ತದೆ. ಬಾಗಿಲು ದಿನಾ ತೆರೆದಿರಬೇಕು, ಒಳಗೆ ಮನುಷ್ಯರು ಕಾಣಬೇಕು. ಅದಕ್ಕೇ ಕಬ್ಜಾ ಅನ್ನುವುದು. ಜಗದೀಶನಿಗೆ ಗದ್ದೆ ಇದೆ, ಗುತ್ತಿಗೆ ಕೆಲಸ ಇದೆ. ಅವನ ಹೆಂಡತಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಉಳಿದವಳು ಇವಳು.

ಅವಳು ಬಾಯಿ ಸತ್ತವಳೇನಲ್ಲ. ಆದರೆ ಉಣ್ಣುವುದು ಮೈದುನನ ಮನೆಯ ಅನ್ನ, ಮಲಗುವುದು ಅವನ ಸೂರಿನಡಿ. ಮೇಲಾಗಿ ಸತ್ತವನಿಗೆ ಕೊಟ್ಟ ಮಾತು. ಇನ್ನೂ ಒಂದಿತ್ತು, ಅದನ್ನು ಅವಳು ಯಾರ ಹತ್ತಿರವೂ ಹೇಳಿದವಳಲ್ಲ. ಅವಳ ತವರೂರು ನೌಕಾನೆಲೆಗೆಂದು ಸರಕಾರ ಖಾಲಿ ಮಾಡಿಸಿದ ಊರುಗಳಲ್ಲಿ ಒಂದು. ಹೊರಡುವ ದಿನ ಅಪ್ಪ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ತಾಯಿತದಂತೆ ಕೊರಳಿಗೆ ಹಾಕಿಕೊಂಡಿದ್ದ. ಉಳಿದ ಸಾಮಾನಿಗೆ ಆಮೇಲೆ ಬಂದರಾಯಿತು ಅಂದುಕೊಂಡಿದ್ದ. ಆಮೇಲೆ ಬಂದಾಗ ಅಲ್ಲಿ ತಂತಿಬೇಲಿ ಇತ್ತು. ಹೊರಗೆ ಬಿದ್ದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎನ್ನುವುದು ಅವಳ ಎದೆಯಲ್ಲಿ ಆಗಲೇ ಕುಳಿತುಬಿಟ್ಟಿತ್ತು. ಹಾಗಾಗಿ ಜ್ವರ ಬಂದರೂ ಹೋದಳು. ನಾದಿನಿಯ ಮಗಳ ಮದುವೆಗೆ ಬಾಗಿಲು ಹಾಕಿದ ಮೇಲೆ ಹೋದಳು; ಊಟದ ಎಲೆ ಎತ್ತಿ ಆಗಿತ್ತು. ಮಗಳು ಪ್ರಗತಿ ನರ್ಸಿಂಗ್ ಕಲಿತು ಮುಗಿಸಿದ ದಿನ, ಅವರ ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಲೇ ಇಲ್ಲ. ಅದೇ ವಾರ ಕೋರ್ಟಿನವರು ತಪಾಸಣೆಗೆ ಬರಬಹುದು ಎಂದು ಜಗದೀಶ ಹೆದರಿಸಿದ್ದ. ಯಾರೂ ಬರಲಿಲ್ಲ. ಫೋಟೋದಲ್ಲಿ ಬಿಳಿ ಬಟ್ಟೆ ತೊಟ್ಟ ಮಗಳ ಪಕ್ಕದಲ್ಲಿ ಬೇರೆ ಯಾರದೋ ತಾಯಿ ನಿಂತಿದ್ದಳು.

ಪ್ರಗತಿ ಈಗ ಮಾಜಾಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗಡಿಯಾಚೆ ಗೋವಾದ ಒಂದು ಆಸ್ಪತ್ರೆಗೆ ಹೋಗಿಬರುತ್ತಾಳೆ. ಆಯಿ, ಬಾ, ಎಂದು ವಾರಕ್ಕೊಮ್ಮೆ ಫೋನಿನಲ್ಲಿ ಕರೆಯುತ್ತಾಳೆ. ಇವಳು, ಮತ್ತೆ ಖೋಲಿ ಎಂದು ಕೇಳುತ್ತಾಳೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಅತ್ತ ಯಜಮಾನರ ಕಡೆಯದೂ ಇದೇ ಪಾಡು. ಕಟ್ಟಡ ಈಗ ವೈಜಯಂತಿಬಾಯಿಯವರದು, ಕಟ್ಟಿಸಿದ ಸಾವುಕಾರನ ಮೊಮ್ಮಗನ ಹೆಂಡತಿ. ಗಂಡ ಇಲ್ಲ, ಮಕ್ಕಳಿಲ್ಲ, ಕಾಜುಬಾಗದಲ್ಲಿ ಒಂದು ಮನೆ ಇದೆ. ಬಾಡಿಗೆಯವರು ಖೋಲಿಯನ್ನು ಸದ್ದಿಲ್ಲದೆ ಬೇರೆಯವರಿಗೆ ಕೊಟ್ಟುಬಿಟ್ಟಾರು, ಕಣ್ಣಿಟ್ಟಿರಿ ಎಂದು ಅವರ ವಕೀಲ ಯಾವತ್ತೋ ಹೇಳಿದ್ದ. ಸರಿ, ಎಪ್ಪತ್ತು ದಾಟಿದ ಹೆಂಗಸು ಮೆಟ್ಟಿಲಿನ ಬುಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕುಳಿತರು. ಉಳಿದ ಬಾಡಿಗೆಯವರು ಒಬ್ಬೊಬ್ಬರಾಗಿ ರಾಜಿ ಮಾಡಿಕೊಂಡು ಹೋದರು. ಕೆಳಗೆ ಪಕ್ಕದ ಖೋಲಿಯ ದರ್ಜಿ ಮಂಗೇಶ ಕೂಡ ಬೇರೆ ಕಡೆ ಜಾಗ ಹುಡುಕುತ್ತಿದ್ದ. ಮೇಲೆ ಜಯಶ್ರೀ ಒಬ್ಬಳೇ, ಬುಡದಲ್ಲಿ ವೈಜಯಂತಿಬಾಯಿ ಒಬ್ಬರೇ. ಇವಳು ಹತ್ತುವಾಗ ಅವರು ಕಾಲು ಹಿಂದೆ ತೆಗೆದುಕೊಳ್ಳುತ್ತಿದ್ದರು, ಇಳಿಯುವಾಗ ಗೋಡೆ ನೋಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ಮಾತಿಲ್ಲ! ಕೇಸು ಇದೆಯಲ್ಲ, ಮಾತಾಡುವುದು ಹೇಗೆ. ಬಾವಿ ಅವರದು, ಹಿತ್ತಲ ಪಾಯಖಾನೆಯೂ ಅವರದು. ಅದಕ್ಕೆ ಮೊದಲ ವರ್ಷವೇ ಬೀಗ ಬಿದ್ದಿತ್ತು. ಜಯಶ್ರೀ ಬಸ್‌ಸ್ಟ್ಯಾಂಡಿಗೆ ಹೋಗಿಬರಬೇಕು. ಅಷ್ಟು ಹೊತ್ತು ಬಾಗಿಲು ತೆರೆದು ಬಿಟ್ಟು ಹೋಗಲು ಹೆದರಿಕೆ, ಹಾಕಿ ಹೋಗಲೂ ಹೆದರಿಕೆ. ಹಾಗಾಗಿ ನೀರನ್ನೇ ಕಡಿಮೆ ಮಾಡಿದ್ದಳು. ಮನೆಯಿಂದ ಒಂದು ಸಣ್ಣ ಬಾಟಲಿ ತರುವುದು, ಗುಟುಕು ಗುಟುಕಾಗಿ ಸಂಜೆಯವರೆಗೆ ಕುಡಿಯುವುದು.

ಹೀಗಿರುವಾಗ ಈ ವರ್ಷ ಭಾದ್ರಪದದಲ್ಲಿ ಒಂದು ವಾರ ಮಳೆ ಬಿಡದೆ ಹೊಯ್ದು, ಆಮೇಲೆ ಚುರುಗುಟ್ಟುವ ಬಿಸಿಲು ಬಿತ್ತು. ಆ ದಿನ ಬೆಳಿಗ್ಗೆ ಜಯಶ್ರೀ ಮೇಲೆ ಹತ್ತಿ ಊದಿನಕಡ್ಡಿ ಹಚ್ಚಿ ಇನ್ನೂ ಕುಳಿತಿರಲಿಲ್ಲ, ಕೆಳಗೆ ಏನೋ ಮುರಿದಂತಾಯಿತು. ಆಮೇಲೆ ದಡದಡ ಎಂದು ದೊಡ್ಡ ಸದ್ದು. ಖೋಲಿಯ ಬಾಗಿಲಿಗೆ ಬಂದು ನೋಡುತ್ತಾಳೆ, ಮೆಟ್ಟಿಲೇ ಇಲ್ಲ. ಗೆದ್ದಲು ತಿಂದು ಬರೀ ಬಣ್ಣದ ಮೇಲೆ ನಿಂತಿದ್ದ ಮರ ಮಳೆಯ ನೀರು ಕುಡಿದು ಕುಸಿದಿತ್ತು. ಕೆಳಗೆ ಧೂಳು, ಮುರಿದ ಹಲಗೆ, ಅದರಡಿಯಲ್ಲಿ ಬೆತ್ತದ ಕುರ್ಚಿಯ ಒಂದು ಕಾಲು. ಜಯಶ್ರೀಯ ಜೀವ ಹಾರಿಹೋಯಿತು. ಬಾಯೀ ಎಂದು ಕೂಗಿದಳು. ಒಂಬತ್ತು ವರ್ಷದಲ್ಲಿ ಅದೇ ಮೊದಲ ಮಾತು.

ವೈಜಯಂತಿಬಾಯಿ ಆಗಷ್ಟೇ ಮೀನಿನವಳ ಬುಟ್ಟಿ ನೋಡಲು ರಸ್ತೆಗೆ ಹೋಗಿದ್ದರು, ಹಾಗಾಗಿ ಉಳಿದುಕೊಂಡರು. ಕೈಯಲ್ಲಿ ಬಂಗಡೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತು, ಮೊದಲು ಕುರ್ಚಿಯನ್ನು ನೋಡಿದರು, ಆಮೇಲೆ ಮೇಲೆ ನೋಡಿದರು.

ಮಂಗೇಶ ಫೋನು ಮಾಡಿದ. ಅಗ್ನಿಶಾಮಕದವರು ಏಣಿ ತಂದು ಗ್ಯಾಲರಿಗೆ ಒರಗಿಸಿದರು. ಜಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯಲು ಸಿದ್ಧವಾದಳು ಕೂಡ. ಅಷ್ಟರಲ್ಲಿ ನಗರಸಭೆಯ ಇಂಜಿನಿಯರ ಬಂದು ಒಳಗೆ ಟಾರ್ಚು ಹಾಕಿ ನೋಡಿ, ಮೆಟ್ಟಿಲಿನ ಬದಿಯ ಗೋಡೆ ಉದ್ದಕ್ಕೂ ಸೀಳಿದೆ, ಇವರು ಇಳಿದ ಕೂಡಲೇ ಸೀಲು ಮಾಡಬೇಕು, ಇನ್ನು ಯಾರನ್ನೂ ಮೇಲೆ ಬಿಡುವಂತಿಲ್ಲ ಎಂದು ತನ್ನವರಿಗೆ ಹೇಳಿದ. ಅದು ಅವಳ ಕಿವಿಗೆ ಬಿತ್ತು. ಏಣಿಯ ಮೇಲಿಡಲು ಎತ್ತಿದ ಕಾಲನ್ನು ಹಿಂದೆ ತೆಗೆದುಕೊಂಡಳು.

"ನಾಳೆ ಹತ್ತೂಕೆ ಬಿಡ್ತ್ರಾ?" ಎಂದು ಮೇಲಿನಿಂದಲೇ ಕೇಳಿದಳು.

ಅವನು ತಲೆ ಅಲ್ಲಾಡಿಸಿದ. ಜೀವ ದೊಡ್ಡದೋ ಖೋಲಿ ದೊಡ್ಡದೋ ಅಮ್ಮಾ, ಇಳಿಯಿರಿ ಅಂದ. ಕೇಳಲು ಸುಲಭದ ಪ್ರಶ್ನೆ. ಅವಳ ಕಣ್ಣ ಮುಂದೆ ತಂತಿಬೇಲಿ ಬಂತು, ಅಪ್ಪನ ಕೊರಳಲ್ಲಿ ಸಾಯುವವರೆಗೂ ನೇತಾಡುತ್ತಿದ್ದ ಬೀಗದ ಕೈ ಬಂತು. ಅವಳು ಒಳಗೆ ಹೋಗಿ ಜಗದೀಶನಿಗೆ ಫೋನು ಹಚ್ಚಿದಳು. ಇಳೀಬೇಡಿ ಅತ್ತಿಗೆ, ನಾ ಬರೂವರೆಗೆ ಎಂತದ್ದೇ ಆದ್ರೂ ಇಳೀಬೇಡಿ ಎಂದು ಅವನು ಕೂಗಿಕೊಂಡ. ಪೆಟ್ಟಾಯಿತಾ ಎಂದು ಕೇಳಲು ಅವನಿಗೆ ನೆನಪಾಗಲಿಲ್ಲ. ಅವಳಿಗೂ ಆ ಗಡಿಬಿಡಿಯಲ್ಲಿ ಅದು ಹೊಳೆಯಲಿಲ್ಲ.

ಕಾಯುತ್ತ ಕುಳಿತಳು. ಏಣಿ ಕಣ್ಣೆದುರೇ ಇದೆ, ಇಳಿದರೆ ರಸ್ತೆ, ಆದರೂ ಇಳಿಯುವಂತಿಲ್ಲ. ಬಾಗಿಲು ತೆರೆದಿಟ್ಟು ಹಕ್ಕಿಯನ್ನು ಕೂಡಿಹಾಕಿದ ಹಾಗಾಯಿತು ಅವಳ ಸ್ಥಿತಿ. ಹೆಂಚು ಕಾದು ಖೋಲಿ ಒಲೆಯಂತಾಯಿತು. ಧೂಳಿಗೆ ಗಂಟಲು ಕೆರೆಯುತ್ತಿತ್ತು. ಬಾಟಲಿಯ ನೀರು ಯಾವಾಗ ಮುಗಿಯಿತೋ ಅವಳಿಗೇ ತಿಳಿಯಲಿಲ್ಲ. ನಡುನಡುವೆ ಗೋಡೆಯ ಒಳಗಿನಿಂದ ಮಣ್ಣು ಸುರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಫೋಟೋದಲ್ಲಿ ಅಶೋಕ ನಗುತ್ತಿದ್ದ. ಅವಳಿಗೆ ಮೊದಲ ಸಲ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಹೇಳಿ ಹೋದೆಯಲ್ಲ ಮಾರಾಯ, ಎಷ್ಟು ವರ್ಷ ಎಂದು ಹೇಳಿದೆಯಾ? ಸಾಯುವ ಮನುಷ್ಯ ಹೆದರಿದ್ದ, ಹೆಂಡತಿ ಮಗಳು ಬೀದಿಗೆ ಬೀಳುತ್ತಾರೆಂದು ಹೆದರಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೋ ಅಂದ. ಅಷ್ಟೇ ಅಲ್ಲವೇ ಅದು? ಮಗಳು ಬೀದಿಗೆ ಬೀಳಲಿಲ್ಲ, ತನ್ನ ಕಾಲ ಮೇಲೆ ನಿಂತಳು. ಹೆಂಡತಿ ಮಾತ್ರ ಇಲ್ಲಿ ಕುಳಿತಿದ್ದಾಳೆ. ಹೀಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಫೋಟೋದ ಧೂಳನ್ನು ಸೆರಗಿನಿಂದ ಒರೆಸಿದಳು.

ಜಗದೀಶ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ದಾರಿಯಲ್ಲಿ ತಮ್ಮ ಕೇಸಿನ ವಕೀಲ ಸಂದೇಶನನ್ನು ಹುಡುಕಿ ಹಿಡಿದು ಕರೆತರಬೇಕಿತ್ತಲ್ಲ, ಅದಕ್ಕೆ ತಡ. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಜಾತ್ರೆಯಷ್ಟು ಜನ. ಪೇಟೆಗೆ ಬಂದವರು, ಕಚೇರಿಯವರು, ಮೀನು ಮಾರಿ ಮುಗಿಸಿದ ಹೆಂಗಸರು. ಜಗದೀಶ ಗ್ಯಾಲರಿಯ ಕೆಳಗೆ ನಿಂತು ಎಲ್ಲ ವಿವರಿಸಿದ. ನಾಳೆ ಕೋರ್ಟು ಶುರುವಾದ ಕೂಡಲೇ ತಡೆಯಾಜ್ಞೆ ತರುತ್ತೇವೆ. ಅಲ್ಲಿಯವರೆಗೆ ಕಬ್ಜಾ ಬಿಟ್ಟುಕೊಡಬಾರದು. ಒಂದು ರಾತ್ರಿಯ ಮಾತು ಅಷ್ಟೆ. ವಕೀಲ ಪಕ್ಕದಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. ಬಾಡಿಗೆದಾರರು ಒಳಗೇ ಇದ್ದಾರೆ ಎನ್ನುವುದಕ್ಕೆ ಸಾಕ್ಷಿ ಬೇಕಂತೆ. ಅತ್ತಿಗೆ, ಸ್ವಲ್ಪ ಮುಂದೆ ಬನ್ನಿ, ಮುಖ ಕಾಣಲಿ ಎಂದು ಜಗದೀಶ ಕೈ ಮಾಡಿದ.

ಜಯಶ್ರೀ ಮುಂದೆ ಬಂದಳು. ಕಂಬ ಹಿಡಿದುಕೊಂಡಳು. ಕಂಬ ಸಣ್ಣಗೆ ಅಲುಗಿತು.

"ಗೋಡೆ ಬಿರಿತಾ ಅದೆ ಜಗದೀಶ."

"ಈ ನಗರಸಭೆಯವರು ಹೆದರ್ಸೂದೇ ಹಾಂಗೆ. ಇಷ್ಟು ವರ್ಷ ನಿಂತದ್ದು ಒಂದು ರಾತ್ರಿ ನಿಲ್ಲೂದಿಲ್ಲಾ?"

ಇಂಜಿನಿಯರ ಜಗದೀಶನ ಮೇಲೆ ರೇಗಿದ, ಜಗದೀಶ ಇಂಜಿನಿಯರನ ಮೇಲೆ ರೇಗಿದ, ವಕೀಲ ಇಬ್ಬರನ್ನೂ ವಿಡಿಯೋ ಮಾಡಿಕೊಂಡ. ಬಾಯಿ ಒಣಗಿ ಜಯಶ್ರೀಯ ನಾಲಿಗೆ ಅಂಟುತ್ತಿತ್ತು. ಕೊನೆಗೆ ಸುಮ್ಮನಿರಲಾರದೆ ನೀರು ಬೇಕಾಗಿತ್ತು ಅಂದಳು. ಆ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಒಬ್ಬರಿಗೆ.

ವೈಜಯಂತಿಬಾಯಿ ಇಷ್ಟು ಹೊತ್ತೂ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಬಂಗಡೆಯ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಈಗ ಎದ್ದು, ಕಟ್ಟಡದ ಬದಿಯ ಓಣಿಯಲ್ಲಿ ಹಿತ್ತಲಿಗೆ ಹೋದರು. ಬಾವಿಯ ಗಡಗಡೆಯ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವರ ಕೈಯಲ್ಲಿ ತಾಮ್ರದ ತಂಬಿಗೆ ಇತ್ತು. ಹುಣಸೆಹಣ್ಣು ಕಾಣದೆ ಕಪ್ಪಾಗಿತ್ತು ಅದು, ಆದರೆ ಪೇಟೆಯ ಹಳಬರಿಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಗುಂಪಿನಲ್ಲಿ ಒಬ್ಬರು ಇನ್ನೊಬ್ಬರ ಮೊಣಕೈ ತಿವಿದರು. ಮಾತು ನಿಂತಿತು. ಬಾವಿಯ ಹತ್ತಿರ ಕೈಗೆ ಸಿಕ್ಕಿದ್ದು ಅದೊಂದೇ ಪಾತ್ರೆಯೋ, ಬೇಕೆಂದೇ ತಂದರೋ, ಜಯಶ್ರೀಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕೇಳಲೂ ಇಲ್ಲ.

ಮುದುಕಿ ತಂಬಿಗೆಯನ್ನು ಮಂಗೇಶನ ಕೈಗೆ ಕೊಟ್ಟು, ಮೇಲೆ ಮುಟ್ಟಿಸು ಅಂದರು. ಮಂಗೇಶ ಏಣಿಯ ಅರ್ಧದವರೆಗೆ ಹತ್ತಿ ಕೈ ಚಾಚಿ ಕೊಟ್ಟ. ಜಯಶ್ರೀ ಎರಡೂ ಕೈಯಿಂದ ಹಿಡಿದುಕೊಂಡಳು. ತಂಪು ತಾಮ್ರ ಅಂಗೈಗೆ ತಾಗಿದಾಗ ಅವಳಿಗೆ ಅಳು ಬರುವಂತಾಯಿತು.

"ಅತ್ತಿಗೆ, ಕುಡೀಬೇಡಿ!" ಜಗದೀಶ ಕೆಳಗಿನಿಂದ ಕೂಗಿದ. "ಆ ತಂಬಿಗೆ ಯಾವುದು ಅಂತ ಗೊತ್ತಿಲ್ಲಾ ನಿಮಗೆ? ಊರೆಲ್ಲ ನೋಡ್ತಾ ಅದೆ. ಕುಡಿದ್ರೆ ಎಲ್ಲಾ ಮುಗೀತು."

ಅವಳು ತಂಬಿಗೆ ಹಿಡಿದುಕೊಂಡೇ ಕೆಳಗೆ ನೋಡಿದಳು. ಮೈದುನನ ಕೈಯಲ್ಲಿ ಫೋನಿತ್ತು, ಬಗಲಲ್ಲಿ ಕಾಗದದ ಕಡತ ಇತ್ತು, ಪಕ್ಕದಲ್ಲಿ ವಕೀಲ ಇದ್ದ. ಅಂಕೋಲೆಯಿಂದ ಇಲ್ಲಿಯವರೆಗೆ ಇಷ್ಟೆಲ್ಲ ಹೊಂದಿಸಿಕೊಂಡು ಬಂದವನು ದಾರಿಯಲ್ಲಿ ಒಂದು ಬಾಟಲಿ ನೀರು ತಂದಿರಲಿಲ್ಲ. ಬೇಕೆಂದು ಮರೆತದ್ದಲ್ಲ ಅದು. ಬೀಗಕ್ಕೆ ಬಾಯಾರಿಕೆ ಆಗುತ್ತದೆಂದು ಯಾರಿಗೆ ತಾನೆ ಹೊಳೆಯುತ್ತದೆ? ಒಂಬತ್ತು ವರ್ಷ ಅವರೆಲ್ಲ ಆ ಬಾಗಿಲಿಗೆ ಹಾಕಿದ್ದ ಬೀಗ ತಾನು. ಬೆಳಿಗ್ಗೆ ಒಯ್ದು ಹಾಕುವುದು, ಸಂಜೆ ತಂದು ಗೂಟಕ್ಕೆ ಸಿಕ್ಕಿಸುವುದು. ಇದು ತಿಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಯಾವತ್ತೋ ತಿಳಿದಿದ್ದದ್ದನ್ನು ಇವತ್ತು ಒಪ್ಪಿಕೊಂಡಳು, ಅಷ್ಟೆ.

ಜಯಶ್ರೀ ತಲೆ ಮೇಲೆತ್ತಿ, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು, ಗಟಗಟ ಕುಡಿದಳು. ಕುತ್ತಿಗೆಯ ಮೇಲೆ, ಕುಪ್ಪಸದ ಮೇಲೆ ನೀರು ಹರಿಯಿತು. ಕಬ್ಬಿಣದ ರುಚಿಯ ಬಾವಿ ನೀರು. ಪೂರಾ ಕುಡಿಯುವಷ್ಟು ದಾಹ ಇತ್ತು, ಆದರೂ ಅರ್ಧಕ್ಕೆ ನಿಲ್ಲಿಸಿದಳು. ಬಾಯಿ ಒರೆಸಿಕೊಂಡು ತಂಬಿಗೆಯನ್ನು ಮಂಗೇಶನಿಗೆ ಕೊಟ್ಟಳು.

"ಬಾಯಿಯವರಿಗೆ ಕೊಡು."

ಮಂಗೇಶ ಒಂದು ತೊಟ್ಟು ಚೆಲ್ಲದ ಹಾಗೆ ಇಳಿಸಿ ತಂದ. ವೈಜಯಂತಿಬಾಯಿ ತಂಬಿಗೆಯೊಳಗೆ ನೋಡಿದರು. ಕೇಸು ಗೆದ್ದ ಹಾಗಾಯಿತಲ್ಲ, ಮುಖ ಅರಳಬೇಕಿತ್ತು; ಅರಳಲಿಲ್ಲ. ಕಣ್ಣು ಮುಚ್ಚಿ ಉಳಿದದ್ದನ್ನು ಕುಡಿದು ಮುಗಿಸಿದರು. ಸಂದೇಶ ವಕೀಲ ಫೋನನ್ನು ಜೇಬಿಗೆ ಹಾಕಿಕೊಂಡ. ಅವನೂ ಅದೇ ಊರಿನವನು, ಇನ್ನು ವಿಡಿಯೋ ಮಾಡಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು.

ಜಯಶ್ರೀ ಒಳಗೆ ಹೋಗಿ ಫೋಟೋ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಭ್ಯಾಸ ಬಲದಿಂದ ಬಾಗಿಲಿಗೆ ಬೀಗ ಹಾಕಿದಳು, ಜಗ್ಗಿ ನೋಡಿದಳು. ಆಮೇಲೆ ಎಲ್ಲರ ಎದುರು ಒಂದೊಂದೇ ಮೆಟ್ಟಿಲು ಕಾಲಿನಿಂದ ತಡಕುತ್ತ ಏಣಿ ಇಳಿದಳು. ಒಬ್ಬ ಮೀನುಗಾರ್ತಿ ರಟ್ಟೆ ಹಿಡಿದು ಕೆಳಗಿಳಿಸಿಕೊಂಡಳು. ಜಗದೀಶನ ಮುಖ ಕೆಂಪಾಗಿತ್ತು. ಅಣ್ಣನಿಗೆ ಕೊಟ್ಟ ಮಾತು ಹೀಗೆ ಮುರಿದ್ರಲ್ಲ, ಇನ್ನು ಯಾವ ಮುಖ ಹೊತ್ತು ಮನೆಗೆ ಬರ್ತ್ರಿ ಎಂದು ಹಲ್ಲು ಕಚ್ಚಿ ಕೇಳಿದ.

ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ಬಾಗಿಲು ಹಾಕಿ ಬಂದೆ. ನೀರು ಕುಡಿದದ್ದು ನಾನು, ನೀ ಕುಡೀಲಿಲ್ಲ. ಕಬ್ಜಾ ಬೇಕಾದ್ರೆ ಏಣಿ ಇನ್ನೂ ಅಲ್ಲೇ ಅದೆ. ಒಂದು ರಾತ್ರಿಯ ಮಾತಲ್ಲಾ, ನೀನೇ ಹತ್ತಿ ಕುಳ್ಳು."

ಜಗದೀಶ ಏಣಿ ನೋಡಿದ, ಮೇಲೆ ಬಾಗಿದ ಗ್ಯಾಲರಿ ನೋಡಿದ. ಇಂಜಿನಿಯರ ಕೂಡ ಅವನನ್ನೇ ನೋಡುತ್ತಿದ್ದ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜಗದೀಶ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನಗರಸಭೆಯವರು ಏಣಿ ತೆಗೆದು ಕಟ್ಟಡದ ಬಾಗಿಲಿಗೆ ಹಲಗೆ ಹೊಡೆದರು.

ಜನ ಕರಗಿದರು. ಜಯಶ್ರೀ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗ ಹಿಂದಿನಿಂದ ಯಾರೋ ಅಗೋ, ನಿಲ್ಲು ಎಂದು ಕರೆದರು. ವೈಜಯಂತಿಬಾಯಿ. ಅದೇ ಕಟ್ಟೆಯ ಮೇಲೆ ಕುಳಿತಿದ್ದರು, ಬರಿದಾದ ತಂಬಿಗೆ ಪಕ್ಕದಲ್ಲಿತ್ತು, ಬಂಗಡೆ ಬಿಸಿಲಿಗೆ ವಾಸನೆ ಬರುತ್ತಿತ್ತು. ಹಲಗೆ ಹೊಡೆದ ತಮ್ಮ ಬಾಗಿಲನ್ನು ಅವರು ನ್ಯಾಯ ಕೇಳಲು ಬಂದವರ ಹಾಗೆ ನೋಡುತ್ತಿದ್ದರು.

"ನಾಳೆ ನೀನು ಬರೂದಿಲ್ಲ ಅಲ್ಲಾ?"

"ಇಲ್ಲ ಬಾಯಿ."

"ಹಾಂಗಾದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೂದು?"

ಇವರು ನನ್ನನ್ನು ಕಾಯುತ್ತಾರೆ, ನಾನು ಇವರನ್ನು ಕಾಯುತ್ತೇನೆ ಎಂದುಕೊಂಡೇ ಜಯಶ್ರೀ ಇಷ್ಟು ವರ್ಷ ಹಲ್ಲು ಕಚ್ಚಿದ್ದಳು. ಜ್ವರದಿಂದ ಮೆಟ್ಟಿಲು ಹತ್ತಲಾರದೆ ಹತ್ತಿದ ದಿನ ಈ ಮುದುಕಿ ಕಾಲು ಹಿಂದೆ ತೆಗೆದುಕೊಳ್ಳುವ ಬದಲು ಕುರ್ಚಿಯನ್ನೇ ಸರಿಸಿ ದಾರಿ ಬಿಟ್ಟು ಕುಳಿತದ್ದು ನೆನಪಾಯಿತು. ಆಗ ಅದನ್ನು ಸೊಕ್ಕು ಎಂದುಕೊಂಡಿದ್ದಳು. ಅವರ ಹತ್ತಿರ ಹೋಗಿ ಬಂಗಡೆಯ ಚೀಲ ಎತ್ತಿ ಅವರ ಕೈಗೆ ಕೊಟ್ಟಳು.

"ಮಗಳು ಮಾಜಾಳಿಯಲ್ಲಿ ಇರೂದು. ಬಸ್ಸಿಳಿದು ಯಾರನ್ನಾದ್ರೂ ಕೇಳಿ, ನರ್ಸಮ್ಮನ ಮನೆ ಅಂದ್ರೆ ತೋರಿಸ್ತ್ರು. ಬನ್ನಿ ಒಂದಿನ. ಅಲ್ಲಿ ಒಲೆ ಅದೆ, ಚಾ ಮಾಡಿ ಕೊಡ್ತೆ."

ವೈಜಯಂತಿಬಾಯಿ ತಂಬಿಗೆಯನ್ನು ಸೆರಗಿನಿಂದ ಒರೆಸತೊಡಗಿದರು.

ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸು ನಿಂತಿತ್ತು. ದಿನಾ ಕಾಣುವ ಕಂಡಕ್ಟರು ಇವಳಿಗಾಗಿ ಬಾಗಿಲು ಹಿಡಿದುಕೊಂಡ. ಅವಳು ಬೇಡ ಎಂದು ಕೈ ಆಡಿಸಿ ಮಾಜಾಳಿ ಬಸ್ಸಿನ ಕಡೆ ಹೋದಳು. ಕಿಟಕಿಯ ಪಕ್ಕ ಕುಳಿತು ಮಗಳಿಗೆ ಫೋನು ಮಾಡಿದಳು. ಆಸ್ಪತ್ರೆಯ ಗದ್ದಲದ ನಡುವೆ ಪ್ರಗತಿ, ಆಯಿ, ಇಷ್ಟು ಹೊತ್ತಿಗೆ ಯಾಕೆ ಫೋನು ಮಾಡ್ದೆ, ಖೋಲಿಯಲ್ಲಿ ಇಲ್ವಾ ನೀನು ಎಂದು ಹೆದರಿ ಕೇಳಿದಳು. ಹೇಳಬೇಕಾದದ್ದು ತುಂಬ ಇತ್ತು, ಜಯಶ್ರೀ ಅದನ್ನೆಲ್ಲ ರಾತ್ರಿಗೆ ಇಟ್ಟುಕೊಂಡಳು.

"ರಾತ್ರಿ ಅನ್ನಕ್ಕೆ ಇಡುವಾಗ ನಂದೂ ಒಂದು ಹಿಡಿ ಅಕ್ಕಿ ಹಾಕು" ಅಂದಳು.